ಜಾತಕ ನೋಡಿ ಬಸಿರಿನ ಕಾಲ, ಹೆರಿಗೆಯ ದಿನ ಹೇಳಬಹುದೇ?

ಮೈಸೂರು, ಮಂಡ್ಯ ಭಾಗದಲ್ಲಿ ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದ ದಂಪತಿಯ ಮನೆಯಲ್ಲಿ ಎರಡು ಬಗೆಯ ಕಾಗದಗಳು ಜೊತೆಜೊತೆಯಾಗಿ ಸೇರುತ್ತಾ ಹೋಗುತ್ತವೆ. ಸ್ಕ್ಯಾನ್ ವರದಿ, ರಕ್ತಪರೀಕ್ಷೆಯ ಚೀಟಿಗಳಿರುವ ಆಸ್ಪತ್ರೆಯ ಕಡತ ಒಂದಾದರೆ, ಗಂಡ ಹೆಂಡತಿಯ ಜಾತಕಗಳ ನಕಲು, ಮಾಡಿಸಬೇಕಾದ ಶಾಂತಿಗಳ ಪಟ್ಟಿ, ‘ಮುಂದಿನ ಯುಗಾದಿಯ ಮೇಲೆ ಗುರುಬಲವಿದೆ’ ಎಂದು ಜೋಯಿಸರು ಬರೆದುಕೊಟ್ಟ ಸಾಲು ಇನ್ನೊಂದು. ಬಸಿರು ನಿಂತ ಮೇಲೆ ಪ್ರಶ್ನೆಗಳು ಬದಲಾಗುತ್ತವೆಯೇ ಹೊರತು ನಿಲ್ಲುವುದಿಲ್ಲ. ಹೆರಿಗೆ ಯಾವ ನಕ್ಷತ್ರದಲ್ಲಿ ಆಗುತ್ತದೆ, ಮೂಲಾ ಅಥವಾ ಆಶ್ಲೇಷಾ ಬಾರದಂತೆ ಆಪರೇಷನ್‌ನ ದಿನ ಗೊತ್ತುಮಾಡಬಹುದೇ ಎಂದು ಕೇಳುವವರು ಹಳ್ಳಿಯವರಷ್ಟೇ ಅಲ್ಲ, ನಗರದ ಓದಿದ ಕುಟುಂಬಗಳಲ್ಲೂ ಇದ್ದಾರೆ.

ಈ ಲೆಕ್ಕಗಳು ಹೇಗೆ ನಡೆಯುತ್ತವೆ, ಅವುಗಳ ಹಿಂದಿನ ಕಲ್ಪನೆ ಏನು, ದೇಹದೊಳಗೆ ನಡೆಯುವ ಕ್ರಿಯೆಗೂ ಅವುಗಳಿಗೂ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಮೊದಲಿನಿಂದ ನೋಡೋಣ.

ಆಷಾಢದ ಲೆಕ್ಕ

ಹಳೆ ಮೈಸೂರು ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಆಷಾಢದಲ್ಲಿ ತವರಿಗೆ ಕರೆತರುವ ರೂಢಿ ಇಂದಿಗೂ ಉಳಿದಿದೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬ ಮಾತನ್ನು ಮುಂದಿಟ್ಟರೂ, ಹಿರಿಯರು ಕೊಡುವ ಇನ್ನೊಂದು ಕಾರಣ ನೇರವಾಗಿ ಬಸಿರಿಗೆ ಸಂಬಂಧಪಟ್ಟದ್ದು. ಆಷಾಢದಲ್ಲಿ ನಿಂತ ಗರ್ಭ ಚೈತ್ರದ ಬಿಸಿಲಿನಲ್ಲಿ ಹೆರಿಗೆಗೆ ಬರುತ್ತದೆ, ಬಾಣಂತಿಗೂ ಹಸುಗೂಸಿಗೂ ಆ ಸೆಕೆ ಕಷ್ಟ ಎಂಬುದು ಅವರ ಮಾತು.

ಈ ಲೆಕ್ಕ ಸರಿಯಾಗಿದೆ. ಅಂಡ ಮತ್ತು ವೀರ್ಯಾಣು ಕೂಡಿದ ದಿನದಿಂದ ಹೆರಿಗೆಯವರೆಗೆ ಸರಾಸರಿ 266 ದಿನ ಹಿಡಿಯುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸುವ ಚಾಂದ್ರಮಾಸ 29.53 ದಿನಗಳದ್ದು, ಅಂತಹ ಒಂಬತ್ತು ಮಾಸಗಳೆಂದರೆ 265.8 ದಿನ. ‘ನವಮಾಸ ಹೊತ್ತು ಹೆತ್ತ ತಾಯಿ’ ಎಂಬ ಮಾತು ಚಾಂದ್ರಮಾಸದ ಲೆಕ್ಕದಲ್ಲಿ ಬಹುಮಟ್ಟಿಗೆ ಕರಾರುವಾಕ್ಕು. 2025ರ ಆಷಾಢ ಮಾಸ ಜೂನ್ 26ರಂದು ಆರಂಭವಾಯಿತು. ಆ ದಿನಕ್ಕೆ 266 ದಿನ ಕೂಡಿಸಿದರೆ ಸಿಗುವ ತಾರೀಖು 2026ರ ಮಾರ್ಚ್ 19, ಅಂದರೆ ಯುಗಾದಿ.

ಆದರೆ ಇಲ್ಲಿ ಕೆಲಸ ಮಾಡುತ್ತಿರುವುದು ಕ್ಯಾಲೆಂಡರು, ಗ್ರಹವಲ್ಲ. ಮಂಡ್ಯದ ರೈತರು ‘ಆರಿದ್ರಾ ಮಳೆ ಹಿಡಿಯಿತು’ ಎನ್ನುವಾಗ ಆರ್ದ್ರಾ ನಕ್ಷತ್ರವೇ ಮಳೆ ಸುರಿಸುತ್ತಿದೆ ಎಂದು ಹೇಳುತ್ತಿಲ್ಲ. ಸೂರ್ಯ ಆ ನಕ್ಷತ್ರದ ಭಾಗದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳಿಗೆ ಅದೊಂದು ಹೆಸರು, ಮಳೆ ತರುವುದು ಮುಂಗಾರು ಮಾರುತ. ಆಷಾಢದ ರೂಢಿಯಲ್ಲಿಯೂ ಹಾಗೆಯೇ, ಪಂಚಾಂಗ ದಿನಗಳಿಗೆ ಹೆಸರು ಕೊಟ್ಟಿದೆ, ಕಾರಣವೆಂದು ಹೇಳಿರುವುದು ಬೇಸಿಗೆಯನ್ನು. ಜ್ಯೋತಿಷ್ಯದ ಫಲಭಾಗ ಇದಕ್ಕಿಂತ ಬಹಳ ಮುಂದೆ ಹೋಗಿ, ಗ್ರಹಗಳ ಸ್ಥಾನವೇ ಗರ್ಭ ನಿಲ್ಲುವ ಕಾಲವನ್ನು ಸೂಚಿಸುತ್ತದೆ ಎನ್ನುತ್ತದೆ.

ಜಾತಕದಲ್ಲಿ ಸಂತಾನವನ್ನು ಎಲ್ಲಿ ನೋಡುತ್ತಾರೆ

ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿಗೆ ಲಗ್ನ ಎಂದು ಹೆಸರು. ಅಲ್ಲಿಂದ ಎಣಿಸಿದ ಹನ್ನೆರಡು ಮನೆಗಳಿಗೆ ಭಾವಗಳೆನ್ನುತ್ತಾರೆ. ಐದನೆಯದು ಪುತ್ರಸ್ಥಾನ. ಗುರುವನ್ನು ಪುತ್ರಕಾರಕ, ಅಂದರೆ ಮಕ್ಕಳ ವಿಷಯವನ್ನು ಸೂಚಿಸುವ ಗ್ರಹ ಎಂದು ಪರಿಗಣಿಸುತ್ತಾರೆ. ಐದನೆಯ ಮನೆ, ಅದರ ಅಧಿಪತಿ, ಗುರು, ಇವುಗಳ ಜೊತೆಗೆ ರಾಶಿಯನ್ನು ಏಳು ಭಾಗ ಮಾಡಿ ರಚಿಸುವ ಸಪ್ತಾಂಶ ಕುಂಡಲಿಯನ್ನೂ ನೋಡುವ ಪದ್ಧತಿಯಿದೆ. ಗಂಡನ ಜಾತಕದಲ್ಲಿ ರವಿ, ಶುಕ್ರ, ಗುರುಗಳ ಸ್ಫುಟಗಳನ್ನು ಕೂಡಿಸಿ ಬೀಜಸ್ಫುಟವನ್ನೂ, ಹೆಂಡತಿಯ ಜಾತಕದಲ್ಲಿ ಚಂದ್ರ, ಕುಜ, ಗುರುಗಳ ಸ್ಫುಟಗಳನ್ನು ಕೂಡಿಸಿ ಕ್ಷೇತ್ರಸ್ಫುಟವನ್ನೂ ತೆಗೆದು ಇಬ್ಬರ ಸಂತಾನಶಕ್ತಿಯನ್ನು ಅಳೆಯುವವರೂ ಇದ್ದಾರೆ. ಸ್ಫುಟವೆಂದರೆ ರಾಶಿಚಕ್ರದಲ್ಲಿ ಗ್ರಹವಿರುವ ಅಂಶ (ಡಿಗ್ರಿ), ಕಲೆ (ಅಂಶದ ಅರವತ್ತನೆಯ ಒಂದು ಭಾಗ)ಗಳ ಲೆಕ್ಕ.

‘ಯೋಗವಿದೆಯೇ’ ಎಂಬುದನ್ನು ಇವು ಹೇಳುತ್ತವೆ ಎಂದಾದರೆ, ‘ಯಾವಾಗ’ ಎಂಬುದಕ್ಕೆ ದಶೆ ಮತ್ತು ಗೋಚಾರಗಳನ್ನು ಬಳಸುತ್ತಾರೆ. ವಿಂಶೋತ್ತರಿ ದಶೆಯಲ್ಲಿ ಮನುಷ್ಯನ ಆಯುಸ್ಸನ್ನು 120 ವರ್ಷ ಎಂದಿಟ್ಟುಕೊಂಡು ಒಂಬತ್ತು ಗ್ರಹಗಳಿಗೆ ಹಂಚಲಾಗುತ್ತದೆ. ಗುರುವಿಗೆ 16, ಶನಿಗೆ 19, ರಾಹುವಿಗೆ 18, ಶುಕ್ರನಿಗೆ 20 ವರ್ಷ, ಹೀಗೆ. ಪ್ರತಿ ದಶೆಯೊಳಗೂ ಒಂಬತ್ತು ಭುಕ್ತಿಗಳು ಬರುತ್ತವೆ. ಗೋಚಾರವೆಂದರೆ ಆಕಾಶದಲ್ಲಿ ಈಗ ಗ್ರಹಗಳು ಎಲ್ಲಿವೆ ಎಂಬ ಲೆಕ್ಕ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ, ಶನಿ ಎರಡೂವರೆ ವರ್ಷ. ಜನ್ಮರಾಶಿಯಿಂದ 2, 5, 7, 9, 11ನೇ ಮನೆಗಳಲ್ಲಿ ಗುರು ಬಂದಾಗ ಗುರುಬಲ ಎನ್ನುತ್ತಾರೆ. ಮನೆಮನೆಯಲ್ಲಿ ಕೇಳಿಬರುವ ಮಾತು ಇದು. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವನ್ನು ತಿರುವಿಹಾಕುವ ಗೃಹಸ್ಥರು ಸಹ ಜೋಯಿಸರ ನೆರವಿಲ್ಲದೆ ಇಷ್ಟನ್ನು ಹೇಳಬಲ್ಲರು.

ಐದನೆಯ ಮನೆಯಲ್ಲಿ ರಾಹು ಅಥವಾ ಕೇತು ಇದ್ದರೆ ಅದನ್ನು ಸರ್ಪದೋಷಕ್ಕೆ ಜೋಡಿಸುವುದೂ ಸಾಮಾನ್ಯ. ಶ್ರೀರಂಗಪಟ್ಟಣದ ಹೊಳೆದಂಡೆಯ ಅಶ್ವತ್ಥಕಟ್ಟೆಗಳ ಬಳಿ ಕಾಣುವ ನಾಗರಕಲ್ಲುಗಳಲ್ಲಿ ಎಷ್ಟೋ ಈ ಕಾರಣಕ್ಕೆ ಪ್ರತಿಷ್ಠೆಯಾದವು. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸುವುದು, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲನಿಗೆ ಹರಕೆ ಹೊರುವುದು ಇದರ ಮುಂದುವರಿಕೆ. ಹರಕೆ, ಪೂಜೆಗಳು ಶ್ರದ್ಧೆಯ ವಿಷಯ. ಅವುಗಳನ್ನು ಅಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ‘ಇಂತಹ ಕಾಲದಲ್ಲಿ ಗರ್ಭ ನಿಲ್ಲುತ್ತದೆ’ ಎಂಬುದು ಕಾಲವನ್ನು ಕುರಿತ ಹೇಳಿಕೆಯಾದ್ದರಿಂದ ಅದನ್ನು ಪರಿಶೀಲಿಸಲು ಬರುತ್ತದೆ.

ಈ ಲೆಕ್ಕಕ್ಕೆ ಬೇಕಾದ ಸಾಮಗ್ರಿಯಲ್ಲಿಯೇ ಒಂದು ತೊಡಕಿದೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಸಪ್ತಾಂಶದ ಲಗ್ನವಾದರೋ ಸುಮಾರು 17 ನಿಮಿಷಕ್ಕೊಮ್ಮೆ. ಮಗುವಿನ ತಲೆ ಕಂಡದ್ದೋ, ದೇಹ ಪೂರ್ತಿ ಹೊರಬಂದದ್ದೋ, ಮೊದಲ ಅಳುವೋ, ಹೊಕ್ಕುಳಬಳ್ಳಿ ಕತ್ತರಿಸಿದ್ದೋ, ಯಾವುದನ್ನು ಹುಟ್ಟಿದ ಗಳಿಗೆ ಎನ್ನಬೇಕೆಂಬುದರಲ್ಲಿ ಜೋಯಿಸರಲ್ಲಿಯೇ ಒಮ್ಮತವಿಲ್ಲ. ಹೆರಿಗೆ ಕೋಣೆಯ ಗಡಿಯಾರ ಐದು ನಿಮಿಷ ಹಿಂದೆ ಮುಂದೆ ಇರುವುದು ಅಪರೂಪವೇನಲ್ಲ. ‘ಹಸು ಮೇಯಲು ಹೊಡೆಯುವ ಹೊತ್ತಿಗೆ ಹುಟ್ಟಿದ’ ಎಂದು ಅಜ್ಜಿ ನೆನಪಿಟ್ಟುಕೊಂಡ ಜನ್ಮಸಮಯದಿಂದ ಸಪ್ತಾಂಶ ತೆಗೆದರೆ, ಗಣಕಯಂತ್ರ ವಿಕಲೆಯವರೆಗೆ ಲೆಕ್ಕ ಹಾಕಿಕೊಟ್ಟರೂ ಉತ್ತರದ ಖಚಿತತೆ ಹೆಚ್ಚುವುದಿಲ್ಲ.

ಗ್ರಂಥದ ನಿಷೇಕ, ದೇಹದೊಳಗಿನ ಗರ್ಭಧಾರಣೆ

ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ನಿಷೇಕಾಧ್ಯಾಯ ಎಂಬ ಒಂದು ಅಧ್ಯಾಯವೇ ಇದೆ. ನಿಷೇಕವೆಂದರೆ ಬೀಜವನ್ನು ಇರಿಸುವುದು, ಆಧಾನವೆಂದೂ ಕರೆಯುತ್ತಾರೆ. ಪ್ರತಿ ತಿಂಗಳ ಮುಟ್ಟಿಗೆ ಕುಜ ಮತ್ತು ಚಂದ್ರರು ಕಾರಣ, ಹೆಣ್ಣಿನ ಜನ್ಮರಾಶಿಯಿಂದ ಚಂದ್ರನಿರುವ ಸ್ಥಾನವನ್ನು ನೋಡಿ ಮುಟ್ಟಿನ ಕಾಲವನ್ನೂ ಗರ್ಭ ನಿಲ್ಲಬಹುದಾದ ಕಾಲವನ್ನೂ ತಿಳಿಯಬಹುದು ಎಂಬುದು ಅಲ್ಲಿನ ನಿರೂಪಣೆ. ಬಸಿರಿನ ಹತ್ತು ತಿಂಗಳಿಗೂ ಒಬ್ಬೊಬ್ಬ ಅಧಿಪತಿಯಿದ್ದಾನೆ. ಮೊದಲ ತಿಂಗಳಿಗೆ ಶುಕ್ರ, ಎರಡನೆಯದಕ್ಕೆ ಕುಜ, ಮೂರಕ್ಕೆ ಗುರು, ನಾಲ್ಕಕ್ಕೆ ರವಿ, ಐದಕ್ಕೆ ಚಂದ್ರ, ಆರಕ್ಕೆ ಶನಿ, ಏಳಕ್ಕೆ ಬುಧ. ಆ ತಿಂಗಳುಗಳಲ್ಲಿ ಗರ್ಭವು ಮೊದಲು ಕಲಲದ, ಅಂದರೆ ಲೋಳೆಯಂತಹ ದ್ರವದ ರೂಪದಲ್ಲಿದ್ದು, ಆಮೇಲೆ ಘನವಾಗಿ, ಅಂಗಗಳು ಮೊಳೆತು, ಮೂಳೆ, ಚರ್ಮ, ಕೂದಲು ಬಂದು ಕೊನೆಗೆ ಚೈತನ್ಯ ಪಡೆಯುತ್ತದೆ ಎಂದು ಹೇಳಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಗರ್ಭದ ಬೆಳವಣಿಗೆಯನ್ನು ಹಂತಹಂತವಾಗಿ ಕಲ್ಪಿಸಿಕೊಂಡ ಈ ಪ್ರಯತ್ನವನ್ನು ಓದುವಾಗ ಗೌರವ ಮೂಡದೆ ಇರುವುದಿಲ್ಲ.

ಆದರೆ ಆ ಅಧ್ಯಾಯದ ಲೆಕ್ಕವೆಲ್ಲ ನಿಂತಿರುವುದು ಗಂಡು ಹೆಣ್ಣು ಕೂಡಿದ ಗಳಿಗೆಯೇ ಗರ್ಭ ನಿಂತ ಗಳಿಗೆ ಎಂಬ ನಂಬಿಕೆಯ ಮೇಲೆ. ದೇಹದಲ್ಲಿ ನಡೆಯುವುದು ಬೇರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಸೂಚನೆಯಂತೆ ಅಂಡಾಶಯದಲ್ಲಿ ಒಂದು ಅಂಡ ಬಲಿತು, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಹೊರಬರುತ್ತದೆ. ಹೊರಬಂದ ಅಂಡಕ್ಕೆ 12ರಿಂದ 24 ಗಂಟೆ ಮಾತ್ರ ಜೀವ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೆ ಬದುಕಿರಬಲ್ಲದು. ಆದ್ದರಿಂದ ಅಂಡ ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳ ಅವಧಿಯಲ್ಲಿ ಕೂಡಿದರೆ ಮಾತ್ರ ಗರ್ಭ ನಿಲ್ಲುವ ಸಂಭವವಿದೆ. ಸೋಮವಾರ ಕೂಡಿದ ದಂಪತಿಯಲ್ಲಿ ಗರ್ಭಾಂಕುರ ಶುಕ್ರವಾರ ಆಗಬಹುದು; ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಮತ್ತೆ ಆರರಿಂದ ಹತ್ತು ದಿನ ಬೇಕು. ಈ ಮೂರರಲ್ಲಿ ಯಾವ ಗಳಿಗೆಗೆ ಆಧಾನಲಗ್ನ ಬರೆಯಬೇಕೆಂದು ಕೇಳಿದರೆ ಗ್ರಂಥದಲ್ಲಿ ಉತ್ತರವಿಲ್ಲ, ಏಕೆಂದರೆ ಗ್ರಂಥಕಾರನಿಗೆ ಮೂರೂ ಒಂದೇ ಆಗಿದ್ದವು.

ಚಂದ್ರ ಮತ್ತು ಮುಟ್ಟಿನ ನಂಟು ಹೊರನೋಟಕ್ಕೆ ಬಲವಾಗಿಯೇ ಕಾಣುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಾಸರಿ ಚಕ್ರ 29.3 ದಿನ ಎಂದು ಕಂಡುಬಂತು, ಚಾಂದ್ರಮಾಸಕ್ಕೆ ಬಹಳ ಹತ್ತಿರ. ಆದರೆ ಸರಾಸರಿ ಎಂಬುದು ಯಾವ ಒಬ್ಬ ಹೆಣ್ಣಿನ ಚಕ್ರವೂ ಅಲ್ಲ. 21ರಿಂದ 35 ದಿನಗಳವರೆಗಿನ ಚಕ್ರಗಳೆಲ್ಲ ಆರೋಗ್ಯವಂತರಲ್ಲಿ ಕಾಣುವಂಥವೇ. 26 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಈ ತಿಂಗಳು ಹುಣ್ಣಿಮೆಯಂದು ಬಂದ ಮುಟ್ಟು ನಾಲ್ಕು ತಿಂಗಳಲ್ಲಿ ಎರಡು ವಾರ ಹಿಂದಕ್ಕೆ ಸರಿದು ಅಮಾವಾಸ್ಯೆಯ ಹತ್ತಿರ ಬಂದಿರುತ್ತದೆ.

ಯುರೋಪಿನಲ್ಲಿಯೂ ಇಂತಹ ಒಂದು ಪ್ರಯತ್ನ

ಗ್ರಹಗತಿಯಿಂದ ಗರ್ಭಧಾರಣೆಯ ದಿನ ಹೇಳುವ ಆಸೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಆಗಿನ ಚೆಕೊಸ್ಲೊವಾಕಿಯಾದ ಮನೋವೈದ್ಯ ಯೂಗೆನ್ ಯೋನಾಶ್ 1956ರಲ್ಲಿ ಒಂದು ಸೂತ್ರ ಮಂಡಿಸಿದರು. ಹೆಣ್ಣು ತಾನು ಹುಟ್ಟಿದಾಗ ಸೂರ್ಯ ಚಂದ್ರರ ನಡುವೆ ಎಷ್ಟು ಕೋನವಿತ್ತೋ ಅಷ್ಟೇ ಕೋನ ಮತ್ತೆ ಬರುವ ದಿನ, ಅಂದರೆ ಸರಿಸುಮಾರು ಆಕೆಯ ಜನ್ಮತಿಥಿ ಪ್ರತಿ ತಿಂಗಳು ಮರಳುವ ಹೊತ್ತಿನಲ್ಲಿ ಗರ್ಭ ಧರಿಸಲು ಶಕ್ತಳಾಗಿರುತ್ತಾಳೆ ಎಂಬುದು ಅದರ ಸಾರ. ಗರ್ಭನಿರೋಧಕ್ಕೂ ಇದನ್ನೇ ಬಳಸಬಹುದೆಂದು ಅವರು ಹೇಳಿದ್ದರಿಂದ ಯುರೋಪು, ಅಮೆರಿಕಗಳಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿತು.

ಸ್ವತಂತ್ರ ಅಧ್ಯಯನಗಳಲ್ಲಿ ಸೂತ್ರ ದೃಢಪಡಲಿಲ್ಲ. ಅದರಲ್ಲಿನ ತೊಂದರೆ ಮೇಲೆ ಹೇಳಿದ್ದೇ. ಜನ್ಮತಿಥಿ 29.53 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ, ಅಂಡ ಹೊರಬರುವುದು ಆಯಾ ಹೆಣ್ಣಿನ ಚಕ್ರಕ್ಕೆ ತಕ್ಕಂತೆ. ಎರಡೂ ಆಗೊಮ್ಮೆ ಈಗೊಮ್ಮೆ ಒಂದೇ ದಿನ ಬೀಳುತ್ತವೆ, ಆಗ ಗರ್ಭ ನಿಂತರೆ ಆ ಪ್ರಸಂಗ ನೆನಪಿನಲ್ಲಿ ಉಳಿಯುತ್ತದೆ. ಗರ್ಭನಿರೋಧಕ್ಕೆ ಇದನ್ನು ನಂಬುವುದಂತೂ ಅಪಾಯಕರ.

ಹೇಳಿದ್ದು ನಿಜವಾಯಿತಲ್ಲ?

ಜೋಯಿಸರು ಹೇಳಿದ ವರ್ಷದಲ್ಲಿಯೇ ಬಸಿರು ನಿಂತಿತು ಎನ್ನುವವರ ಅನುಭವ ಸುಳ್ಳಲ್ಲ. ಅದು ಹೇಗೆ ನಿಜವಾಗುತ್ತದೆ ಎಂಬುದನ್ನು ನೋಡಬೇಕು, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಕುತೂಹಲಕರವಾದ ಭಾಗ ಇದೇ ಎಂದು ನನ್ನ ಅನಿಸಿಕೆ.

ಯಾವ ತೊಂದರೆಯೂ ಇಲ್ಲದ, ಎಳೆಯ ವಯಸ್ಸಿನ ದಂಪತಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಮಾತ್ರ. ಹೀಗಾಗಿ ಮೂರು ನಾಲ್ಕು ತಿಂಗಳು ಕಾದು ಗಾಬರಿಯಾಗುವವರು ಬಹಳ. ಆದರೆ ಪ್ರಯತ್ನ ಮುಂದುವರಿಸಿದರೆ ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 85 ದಂಪತಿಗೆ ಗರ್ಭ ನಿಲ್ಲುತ್ತದೆ, ಉಳಿದವರಲ್ಲಿ ಅನೇಕರಿಗೆ ಎರಡನೆಯ ವರ್ಷದಲ್ಲಿ. ಆರು ತಿಂಗಳು ಕಾದು ಜಾತಕ ತೋರಿಸಿದವರಿಗೆ ‘ಬರುವ ವರ್ಷದೊಳಗೆ’ ಎಂದು ಯಾರೇ ಹೇಳಿದರೂ ಆ ಮಾತು ಹೆಚ್ಚಿನ ಮನೆಗಳಲ್ಲಿ ಫಲಿಸುತ್ತದೆ.

ಇನ್ನು ಗುರುಬಲದ ವ್ಯಾಪ್ತಿ. ಹನ್ನೆರಡು ರಾಶಿಗಳಲ್ಲಿ ಐದು ಸ್ಥಾನಗಳು ಶುಭವಾದ್ದರಿಂದ ಒಬ್ಬರಿಗೆ ಯಾವುದೇ ವರ್ಷ ಗುರುಬಲವಿರುವ ಸಂಭವ ಹನ್ನೆರಡರಲ್ಲಿ ಐದು. ಗಂಡ ಅಥವಾ ಹೆಂಡತಿ, ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು ಎಂದರೆ ಅದು 144ರಲ್ಲಿ 95ಕ್ಕೆ, ಅಂದರೆ ಮೂರರಲ್ಲಿ ಎರಡಕ್ಕೆ ಏರುತ್ತದೆ. ಇದಕ್ಕೆ ಗುರುವಿನ ದೃಷ್ಟಿಯನ್ನು ಸೇರಿಸೋಣ. ಗುರು ತಾನಿರುವ ರಾಶಿಯಲ್ಲದೆ ಅಲ್ಲಿಂದ 5, 7, 9ನೇ ರಾಶಿಗಳನ್ನೂ ನೋಡುತ್ತಾನೆ. ಯಾವುದೇ ಸಮಯದಲ್ಲಿ ನಾಲ್ಕು ರಾಶಿಗಳು ಅವನ ಸಂಬಂಧದಲ್ಲಿರುತ್ತವೆ. ಪುತ್ರಸ್ಥಾನವನ್ನು ಲಗ್ನದಿಂದಲೂ ಚಂದ್ರನಿಂದಲೂ, ಇಬ್ಬರ ಜಾತಕಗಳಲ್ಲೂ ಎಣಿಸಿದರೆ ನಾಲ್ಕು ಐದನೆಯ ಮನೆಗಳಾದವು. ಅವುಗಳಲ್ಲಿ ಒಂದಕ್ಕಾದರೂ ಗುರುವಿನ ಸಂಬಂಧವಿರುವ ಸಂಭವ ನೂರಕ್ಕೆ ಸುಮಾರು 80. ದಶೆ, ಭುಕ್ತಿ, ಸಪ್ತಾಂಶಗಳನ್ನು ಇನ್ನೂ ಮುಟ್ಟಿಯೇ ಇಲ್ಲ. ಮಗು ಹುಟ್ಟಿದ ಮೇಲೆ ಹಿಂದಿರುಗಿ ನೋಡಿದರೆ ಆ ಕಾಲಕ್ಕೆ ಹೊಂದುವ ಒಂದಲ್ಲ ಒಂದು ಯೋಗ ಜಾತಕದಲ್ಲಿ ಸಿಕ್ಕೇ ಸಿಗುತ್ತದೆ. ಇದರಲ್ಲಿ ಜೋಯಿಸರ ಮೋಸವೇನೂ ಇರಬೇಕಾಗಿಲ್ಲ. ನಿಯಮಗಳ ಬಲೆಯೇ ಅಷ್ಟು ಅಗಲವಾಗಿದೆ.

ದೋಷದ ಲೆಕ್ಕವೂ ಹೀಗೆಯೇ. ರಾಹು ಐದರಲ್ಲಿರುವ ಸಂಭವ ಹನ್ನೆರಡರಲ್ಲಿ ಒಂದು, ಕೇತುವಿನದೂ ಅಷ್ಟೇ. ಹಾಗಾಗಿ ಆರು ಜನರಲ್ಲಿ ಒಬ್ಬರಿಗೆ ಈ ‘ದೋಷ’ ಇದ್ದೇ ಇರುತ್ತದೆ, ದಂಪತಿಯಲ್ಲಿ ಒಬ್ಬರಿಗಾದರೂ ಇರುವ ಸಂಭವ ನೂರಕ್ಕೆ ಮೂವತ್ತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಬಂಜೆತನದ ಸಮಸ್ಯೆ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಈ ಆರರಲ್ಲೊಬ್ಬರು ಆ ಆರರಲ್ಲೊಬ್ಬರೇ ಆಗಬೇಕಾಗಿಲ್ಲ.

ಜಾತಕದ ಭವಿಷ್ಯವನ್ನು ನೇರವಾಗಿ ಪರೀಕ್ಷಿಸಿದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಓದಿನಲ್ಲಿ ಮುಂದಿರುವ ನೂರು ಮಕ್ಕಳ ಮತ್ತು ಬುದ್ಧಿಮಾಂದ್ಯರಾದ ನೂರು ಮಕ್ಕಳ ಜಾತಕಗಳನ್ನು ಬೆರೆಸಿ, ಯಾವುದು ಯಾರದೆಂದು ಗುರುತಿಸುವಂತೆ ಜ್ಯೋತಿಷಿಗಳನ್ನು ಕೇಳಿದರು. ಉತ್ತರ ಕಳುಹಿಸಿದ 27 ಜ್ಯೋತಿಷಿಗಳು ಒಟ್ಟಾರೆ ನೂರಕ್ಕೆ 46ರಷ್ಟು ಸರಿ ಹೇಳಿದರು. ಕಣ್ಣುಮುಚ್ಚಿ ಹೇಳಿದ್ದರೂ ಐವತ್ತು ಸರಿಯಾಗಬೇಕಿತ್ತು. ಈ ಪರೀಕ್ಷೆ ಸಂತಾನದ ಕುರಿತದ್ದಲ್ಲ, ನಿಜ. ಆದರೂ ಮುಂಚೆಯೇ ಉತ್ತರ ಗೊತ್ತಿಲ್ಲದಿರುವಾಗ ಜಾತಕವನ್ನು ಓದಿಸಿದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು.

ಹೆರಿಗೆಯ ದಿನ ಏಕೆ ಕೈಗೆ ಸಿಗುವುದಿಲ್ಲ

ತಾಯಿ ಕಾರ್ಡಿನ ಮೇಲೆ ಆಶಾ ಕಾರ್ಯಕರ್ತೆ ಮೊದಲು ಬರೆದುಕೊಳ್ಳುವುದು ಕೊನೆಯ ಮುಟ್ಟಿನ ಮೊದಲ ದಿನವನ್ನು. ಅದಕ್ಕೆ 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ತಾರೀಖು ಬರುತ್ತದೆ. ಸುಲಭವಾಗಿ ಲೆಕ್ಕ ಹಾಕಬೇಕೆಂದರೆ ಏಳು ದಿನ ಕೂಡಿಸಿ ಮೂರು ತಿಂಗಳು ಹಿಂದೆ ಹೋಗಿ, ವರ್ಷವನ್ನು ಒಂದು ಮುಂದಕ್ಕೆ ಹಾಕಿದರಾಯಿತು. ಕೊನೆಯ ಮುಟ್ಟು ಜುಲೈ 10ಕ್ಕೆ ಆಗಿದ್ದರೆ ಮುಂದಿನ ಏಪ್ರಿಲ್ 17. ಜರ್ಮನಿಯ ಪ್ರಸೂತಿ ತಜ್ಞ ಫ್ರಾಂಟ್ಸ್ ನೇಗೆಲೆಯ (1778–1851) ಹೆಸರಿನಲ್ಲಿ ಈ ಸೂತ್ರ ಪ್ರಸಿದ್ಧವಾಗಿದೆ. ಇದರಲ್ಲಿ ಮೊದಲ ಎರಡು ವಾರ ಬಸಿರೇ ಇರುವುದಿಲ್ಲ. ಮೇಲೆ ಹೇಳಿದ 266ಕ್ಕೂ ಈ 280ಕ್ಕೂ ಇರುವ ಅಂತರ ಅದೇ.

ವೈದ್ಯರು ಕೊಟ್ಟ ತಾರೀಖಿನಂದೇ ಹೆರಿಗೆಯಾಗುವವರು ನೂರರಲ್ಲಿ ನಾಲ್ಕೈದು ಜನ ಮಾತ್ರ. ಅಂಡ ಹೊರಬಂದ ದಿನವನ್ನು ಹಾರ್ಮೋನು ಪರೀಕ್ಷೆಯಿಂದ ಗುರುತಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅವಧಿಗೆ ಮುನ್ನ ಆದ ಹೆರಿಗೆಗಳನ್ನು ಬಿಟ್ಟರೂ ಬಸಿರಿನ ಅವಧಿಯಲ್ಲಿ 37 ದಿನಗಳ ವ್ಯತ್ಯಾಸ ಕಂಡುಬಂತು. ಜಾತಕದ ಪ್ರಶ್ನೆಗೆ ಇದರಲ್ಲಿ ದೊಡ್ಡ ಉತ್ತರವಿದೆ. ಚಂದ್ರ 27 ನಕ್ಷತ್ರಗಳನ್ನೂ ಸುತ್ತಿ ಬರಲು 27.3 ದಿನ ಸಾಕು. ಗರ್ಭ ನಿಂತ ಗಳಿಗೆ ನಿಖರವಾಗಿ ಗೊತ್ತಿದ್ದರೂ, ಸಹಜ ಹೆರಿಗೆ ಯಾವ ತಿಥಿ, ಯಾವ ನಕ್ಷತ್ರದಲ್ಲಿ ಬೇಕಾದರೂ ಆಗುವಷ್ಟು ಅಗಲ ಆ ಅವಧಿಗಿದೆ.

ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆರಿಗೆಗಳು ಹೆಚ್ಚು ಎಂದು ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡುವವರಲ್ಲೂ ಕೆಲವರು ಹೇಳುವುದುಂಟು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1997ರಿಂದ 2001ರವರೆಗೆ ಆದ 5,64,039 ಹೆರಿಗೆಗಳನ್ನು 62 ಚಾಂದ್ರಮಾಸಗಳಿಗೆ ಹೋಲಿಸಿ ನೋಡಿದಾಗ ಅಂತಹ ಯಾವ ಏರಿಳಿತವೂ ಕಾಣಲಿಲ್ಲ.

ಮುಹೂರ್ತದ ಸಿಸೇರಿಯನ್

ಸಹಜ ಹೆರಿಗೆಯ ಗಳಿಗೆ ಹೇಳಲಾಗದಿದ್ದರೆ ಗಳಿಗೆಯನ್ನೇ ಗೊತ್ತುಮಾಡಿಕೊಳ್ಳೋಣ ಎಂಬುದು ಹೊಸ ಕಾಲದ ದಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್ ಮೂಲಕ ಆದವು. ದೇಶದ ಸರಾಸರಿ 21.5. ಇವುಗಳಲ್ಲಿ ಹೆಚ್ಚಿನವಕ್ಕೆ ಜಾತಕ ಕಾರಣವಲ್ಲ. ಆದರೆ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದು, ಎರಡನೆಯದಕ್ಕೂ ದಿನ ನಿಗದಿ ಮಾಡಬೇಕಾದಾಗ, ‘ಈ ವಾರದಲ್ಲಿ ಯಾವ ದಿನ ಬೇಕು’ ಎಂದು ವೈದ್ಯರು ಕೇಳುವುದೂ, ಮನೆಯವರು ರಾಹುಕಾಲ, ಗಂಡಾಂತ, ಅಮಾವಾಸ್ಯೆಗಳನ್ನು ಕಳೆದು ಒಂದು ಲಗ್ನ ಹಿಡಿದು ಬರುವುದೂ ಈಗ ಸಾಮಾನ್ಯ ಸಂಗತಿ. ಒಂದು ನಕ್ಷತ್ರದ ಕೊನೆ ಮತ್ತು ಇನ್ನೊಂದರ ಆರಂಭ ಸೇರುವ ಕೆಲವು ಸಂಧಿಗಳಿಗೆ, ಆಶ್ಲೇಷಾ–ಮಖಾ, ಜ್ಯೇಷ್ಠಾ–ಮೂಲಾಗಳಂಥವಕ್ಕೆ, ಗಂಡಾಂತ ಎನ್ನುತ್ತಾರೆ.

ಹೀಗೆ ಆರಿಸಿದ ಗಳಿಗೆಯ ಜಾತಕ ‘ನಿಜವಾದ’ ಜಾತಕವೇ ಎಂಬುದರಲ್ಲಿ ಜೋಯಿಸರಲ್ಲಿಯೇ ಎರಡು ಪಕ್ಷಗಳಿವೆ. ಆ ವಾದ ಅವರಿಗೇ ಇರಲಿ. ವೈದ್ಯಕೀಯವಾಗಿ ಕೇಳಬೇಕಾದದ್ದು ಆ ದಿನಕ್ಕೆ ಎಷ್ಟು ವಾರ ತುಂಬಿರುತ್ತದೆ ಎಂದು. ಅಮೆರಿಕದ 19 ಆಸ್ಪತ್ರೆ ಕೇಂದ್ರಗಳಲ್ಲಿ ಪೂರ್ವನಿಗದಿತವಾಗಿ ಮಾಡಿದ ಎರಡನೆಯ ಅಥವಾ ನಂತರದ ಸಿಸೇರಿಯನ್‌ಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 39 ವಾರಕ್ಕೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 8ರಷ್ಟು ಮಕ್ಕಳಿಗೆ ಉಸಿರಾಟದ ತೊಂದರೆಯೇ ಮೊದಲಾದ ಸಮಸ್ಯೆಗಳು ಕಂಡುಬಂದರೆ, 38 ವಾರಕ್ಕೆ ಅದು 11, 37 ವಾರಕ್ಕೆ 15.3. ಒಳ್ಳೆಯ ನಕ್ಷತ್ರಕ್ಕಾಗಿ ಹತ್ತು ದಿನ ಹಿಂದೆ ಸರಿದರೆ ಮಗು ತೀವ್ರ ನಿಗಾ ಘಟಕದಲ್ಲಿ ಕೆಲವು ದಿನ ಕಳೆಯಬೇಕಾದೀತು. 39 ವಾರ ತುಂಬಿದ ಮೇಲೆ, ಸಿಸೇರಿಯನ್ ಹೇಗೂ ಬೇಕೇ ಬೇಕು ಎಂದು ವೈದ್ಯರು ನಿರ್ಧರಿಸಿರುವಾಗ, ಹಗಲಿನ ವೇಳೆಯಲ್ಲಿ ಹನ್ನೊಂದು ಗಂಟೆಯ ಬದಲು ಒಂಬತ್ತೂವರೆಗೆ ಮಾಡಿ ಎಂದು ಕೇಳುವುದರಿಂದ ಹಾನಿಯಿಲ್ಲ. ನಡುರಾತ್ರಿಯ ಲಗ್ನ ಕೇಳುವುದು ಬೇರೆ ಮಾತು. ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ರಕ್ತ, ಎಲ್ಲವೂ ಕೈಗೆಟುಕುವ ಹೊತ್ತಲ್ಲ ಅದು. ಮಗುವಿನ ಎದೆಬಡಿತ ಇಳಿದಾಗ, ಹೊಕ್ಕುಳಬಳ್ಳಿ ಜಾರಿದಾಗ, ಮಾಸು ಮೊದಲೇ ಬಿಟ್ಟುಕೊಂಡು ರಕ್ತ ಹೋಗುತ್ತಿರುವಾಗ ನಿಮಿಷಗಳ ಲೆಕ್ಕ. ಅಲ್ಲಿ ರಾಹುಕಾಲ ಮುಗಿಯಲಿ ಎಂದು ಕಾಯುವುದು ಜೀವದ ಮೇಲಿನ ಅಪಾಯ. ಸಹಜ ಹೆರಿಗೆ ಸಾಧ್ಯವಿದ್ದೂ ಮುಹೂರ್ತಕ್ಕಾಗಿಯೇ ಹೊಟ್ಟೆ ಕೊಯ್ಸಿಕೊಂಡರೆ, ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಹೊಲಿಗೆಯ ಮೇಲೆ ಅಂಟಿಕೊಳ್ಳುವಂತಹ ತೊಡಕುಗಳ ಸಂಭವ ಹೆಚ್ಚುತ್ತದೆ ಎಂಬುದನ್ನೂ ಮನೆಯವರು ತಿಳಿದಿರಬೇಕು.

ಗಂಡೋ ಹೆಣ್ಣೋ ಎಂಬ ಪ್ರಶ್ನೆ

ಮುಟ್ಟಾದ ದಿನದಿಂದ ಎಣಿಸಿ ಸಮಸಂಖ್ಯೆಯ ರಾತ್ರಿಗಳಲ್ಲಿ ಕೂಡಿದರೆ ಗಂಡು, ಬೆಸಸಂಖ್ಯೆಯ ರಾತ್ರಿಗಳಲ್ಲಿ ಹೆಣ್ಣು ಎಂದು ಧರ್ಮಶಾಸ್ತ್ರಗಳಲ್ಲಿ ಹೇಳಿದೆ. ಜ್ಯೋತಿಷ್ಯದಲ್ಲಿ ಮೇಷ, ಮಿಥುನ, ಸಿಂಹ ಮುಂತಾದ ಬೆಸರಾಶಿಗಳು ಪುರುಷರಾಶಿಗಳು, ವೃಷಭ, ಕರ್ಕಾಟಕ ಮುಂತಾದ ಸಮರಾಶಿಗಳು ಸ್ತ್ರೀರಾಶಿಗಳು. ಯೋನಾಶ್ ಕೂಡ ಗರ್ಭ ನಿಲ್ಲುವಾಗ ಚಂದ್ರನಿರುವ ರಾಶಿಯನ್ನು ನೋಡಿ ಹೀಗೆಯೇ ಹೇಳುತ್ತಿದ್ದರು. ಆದರೆ ಪಾಶ್ಚಾತ್ಯರ ಸಾಯನ ರಾಶಿಚಕ್ರಕ್ಕೂ ನಮ್ಮ ನಿರಯನ ರಾಶಿಚಕ್ರಕ್ಕೂ ಈಗ ಸುಮಾರು 24 ಅಂಶಗಳ ವ್ಯತ್ಯಾಸವಿದೆ. ಒಂದು ರಾಶಿಗೆ 30 ಅಂಶ. ಪಕ್ಕಪಕ್ಕದ ರಾಶಿಗಳು ಒಂದು ಬೆಸ, ಒಂದು ಸಮ. ಹೀಗಾಗಿ ಹತ್ತರಲ್ಲಿ ಎಂಟು ಬಾರಿ ಅದೇ ಚಂದ್ರನನ್ನು ನೋಡಿ ಒಬ್ಬರು ಗಂಡು ಎಂದರೆ ಇನ್ನೊಬ್ಬರು ಹೆಣ್ಣು ಎನ್ನಬೇಕಾಗುತ್ತದೆ. ಇಬ್ಬರಿಗೂ ಸುಮಾರು ಅರ್ಧದಷ್ಟು ಸರಿಯುತ್ತರ ಸಿಗುವುದು ಮಾತ್ರ ಖಂಡಿತ. ಮಗುವಿನ ಲಿಂಗ ನಿರ್ಧಾರವಾಗುವುದು ಅಂಡವನ್ನು ಸೇರಿದ ವೀರ್ಯಾಣುವಿನಲ್ಲಿ ಎಕ್ಸ್ ವರ್ಣತಂತುವಿತ್ತೋ ವೈ ವರ್ಣತಂತುವಿತ್ತೋ ಎಂಬುದರಿಂದ. ಎರಡೂ ಬರುವುದು ತಂದೆಯಿಂದಲೇ ಆದರೂ ಹೆಣ್ಣು ಹೆತ್ತಳೆಂಬ ಮಾತು ಕೇಳುವವಳು ತಾಯಿ.

ಇದು ನಂಬಿಕೆಯ ವಿಷಯವಾಗಿ ಮಾತ್ರ ಉಳಿದಿಲ್ಲ. 1994ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಪಿಸಿಪಿಎನ್‌ಡಿಟಿ (ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗ ಪತ್ತೆ ತಡೆ) ಕಾಯ್ದೆ ಭ್ರೂಣದ ಲಿಂಗವನ್ನು ಮಾತು, ಸನ್ನೆ ಅಥವಾ ಬೇರಾವ ರೀತಿಯಲ್ಲಿಯೂ ತಿಳಿಸುವುದನ್ನು ನಿಷೇಧಿಸಿದೆ. ಲಿಂಗ ಪತ್ತೆ ಅಥವಾ ಗರ್ಭಪೂರ್ವ ಲಿಂಗ ಆಯ್ಕೆಯ ಜಾಹೀರಾತನ್ನು, ವಿಧಾನ ವೈಜ್ಞಾನಿಕವೇ ಆಗಿರಲಿ ಬೇರೆಯದೇ ಆಗಿರಲಿ, ಅದರ 22ನೇ ಕಲಮು ಅಪರಾಧವೆಂದು ಪರಿಗಣಿಸುತ್ತದೆ. ಮೂರು ವರ್ಷದವರೆಗೆ ಸೆರೆವಾಸವಿದೆ. ‘ಗಂಡು ಸಂತಾನ ಖಚಿತ’ ಎಂದು ಫಲಕ ಹಾಕುವ ಜ್ಯೋತಿಷಿಗೂ ಅದು ಅನ್ವಯಿಸುತ್ತದೆ. 2023ರ ನವೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ, ಹೆಣ್ಣೆಂದು ತಿಳಿದರೆ ಗರ್ಭಪಾತ ಮಾಡಿಸುತ್ತಿದ್ದ ಜಾಲ ಬಯಲಿಗೆ ಬಂದದ್ದನ್ನು ಈ ಭಾಗದ ಓದುಗರು ಮರೆತಿರಲಾರರು.

ಕಾಯುವ ಕಾಲದ ಲೆಕ್ಕ

ಜಾತಕ ತೋರಿಸುವುದರಿಂದ ಆಗುವ ದೊಡ್ಡ ನಷ್ಟ ದಕ್ಷಿಣೆಯಲ್ಲಿ ಇಲ್ಲ, ವರ್ಷಗಳಲ್ಲಿ ಇದೆ. ಗುರುದಶೆಯಲ್ಲಿ ಶನಿಭುಕ್ತಿ ಎರಡು ವರ್ಷ ಆರು ತಿಂಗಳು ಹನ್ನೆರಡು ದಿನ ನಡೆಯುತ್ತದೆ. ಅದು ಮುಗಿಯುವವರೆಗೆ ಯೋಗವಿಲ್ಲ ಎಂಬ ಮಾತು ಕೇಳಿ 34 ವರ್ಷದ ಹೆಣ್ಣುಮಗಳು ಆಸ್ಪತ್ರೆಗೆ ಹೋಗದೆ ಕಾದರೆ, ಭುಕ್ತಿ ಕಳೆಯುವ ಹೊತ್ತಿಗೆ ಆಕೆಗೆ ಮೂವತ್ತಾರೂವರೆ ಆಗಿರುತ್ತದೆ. ಮೂವತ್ತೈದರ ನಂತರ ಅಂಡಗಳ ಸಂಖ್ಯೆಯೂ ಗುಣವೂ ಬೇಗ ಕುಗ್ಗುತ್ತವೆ. ಸಿಗುವ ಚಿಕಿತ್ಸೆ ಅದೇ ಆದರೂ ಅದು ಫಲಿಸುವ ಸಂಭವ ಅಷ್ಟೇ ಉಳಿದಿರುವುದಿಲ್ಲ.

ವೈದ್ಯರು ಪಾಲಿಸುವ ಅಳತೆ ಹೀಗಿದೆ. ಹೆಂಡತಿಗೆ 35ರೊಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ವಿಪರೀತ ಹೊಟ್ಟೆನೋವಿದ್ದರೆ, ಹಿಂದೆ ಕ್ಷಯವೋ ಹೊಟ್ಟೆಯ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಅಷ್ಟೂ ಕಾಯಬೇಕಾಗಿಲ್ಲ. ಪರೀಕ್ಷೆ ಇಬ್ಬರಿಗೂ ಒಟ್ಟಿಗೆ ನಡೆಯಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ತೊಂದರೆಯ ಪಾಲೂ ಇರುತ್ತದೆ, ಮತ್ತು ವೀರ್ಯ ಪರೀಕ್ಷೆ ಇಡೀ ಸರಣಿಯಲ್ಲೇ ಸುಲಭವಾದದ್ದು, ಕಡಿಮೆ ಖರ್ಚಿನದು. ಹಾಗಿದ್ದೂ ನಮ್ಮ ಮನೆಗಳಲ್ಲಿ ಸೊಸೆಗೆ ಎರಡು ಮೂರು ಬಾರಿ ಸ್ಕ್ಯಾನ್, ಆಕೆಯ ಹೆಸರಿನಲ್ಲಿ ನಾಗಪ್ರತಿಷ್ಠೆ ಎಲ್ಲ ಮುಗಿದ ಮೇಲೆ ಮಗನನ್ನು ಪ್ರಯೋಗಾಲಯಕ್ಕೆ ಕಳುಹಿಸುವುದೇ ಹೆಚ್ಚು.

ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರನ್ನು ಕಾಣಬಹುದು. ಹೋಗುವಾಗ ಹಿಂದಿನ ಆರು ತಿಂಗಳ ಮುಟ್ಟಿನ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಹೋದರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದಂತೆ. ಬಸಿರು ನಿಂತಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ತಪ್ಪಿಸಬಾರದು. ದಿನಗಳ ಲೆಕ್ಕ ಐದರಿಂದ ಏಳು ದಿನಗಳ ವ್ಯತ್ಯಾಸದೊಳಗೆ ಸಿಗುವುದು ಆ ಒಂದು ಸ್ಕ್ಯಾನಿನಲ್ಲಿ ಮಾತ್ರ, ತಿಂಗಳು ಕಳೆದಂತೆ ಅದರ ನಿಖರತೆ ಕಡಿಮೆಯಾಗುತ್ತದೆ. ಮುಂದೆ 39 ವಾರ ತುಂಬಿತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ವೈದ್ಯರು ತೆರೆದು ನೋಡುವುದೂ ಆ ವರದಿಯನ್ನೇ.